ಕೆಂಪನ್ನು ಹಸಿರೆಂದು ಓದತಕ್ಕದ್ದು

ನೆರೆ ಮುನ್ನೆಚ್ಚರಿಕೆ ಕಾರ್ಯಾಲಯದ ಎರಡು ರೂಟರ್‌ಗಳ ನಡುವೆ ಇರುವ ಕೇಬಲ್ ಯಾವ ಬಗೆಯದು ಎಂಬ ವಿಷಯವು ಅಧಿಕೃತವಾಗಿ ಇತ್ಯರ್ಥವಾಗಿದೆ. ಅದು ನೇರ ಕೇಬಲ್. ಅದರ ಎರಡೂ ತುದಿಗಳಲ್ಲಿ ಕಾಣುವ ಕೆಂಪು ಗುರುತು ಹಸಿರು. ಇಷ್ಟನ್ನು ಒಪ್ಪಿಕೊಂಡವರಿಗೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಒಪ್ಪದವರು ಕಾರ್ಯಾಲಯವಿರುವ ಊರಿನಲ್ಲಿ ಈಗ ಯಾರೂ ಇಲ್ಲ.

ಕಾರ್ಯಾಲಯ ಇರುವುದು ನದಿಯ ದಂಡೆಯ ಮೇಲೆ. ಅಂಗಳದ ಆ ತುದಿಯಲ್ಲಿ, ನೀರಿಗೆ ಮೈ ತಾಗಿಸಿಕೊಂಡಂತೆ ಅಳತೆ ಮನೆ. ಈ ತುದಿಯಲ್ಲಿ ಮುಖ್ಯ ಕಟ್ಟಡ, ಅದರ ಮೇಲ್ಮಹಡಿಯಲ್ಲಿ ಸೈರನ್ ಕೋಣೆ. ಅಳತೆ ಮನೆಯ ಕಿಟಕಿಯ ಕೆಳಗೆ ನೀರಿನಲ್ಲೊಂದು ಕಂಬ, ಕಂಬಕ್ಕೊಂದು ಬಿಳಿ ಗೆರೆ. ನೀರು ಆ ಗೆರೆ ಮುಟ್ಟಿತೆಂದರೆ ತಗ್ಗಿನ ಬೀದಿಯ ಜನ ಮನೆ ಬಿಟ್ಟು ಏರಿನ ಕಡೆ ಹೊರಡಬೇಕು. ಗೆರೆ ಕಾಯುವ ಕೆಲಸದವಳನ್ನು ಎಲ್ಲರೂ ಅಳತೆ ಅಕ್ಕ ಎನ್ನುತ್ತಿದ್ದರು. ಹಿಂದೆಲ್ಲ ನೀರು ಗೆರೆ ಮುಟ್ಟಿದ ಕೂಡಲೇ ಆಕೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಬಂತು ಕಣಯ್ಯಾ, ಒತ್ತು!" ಎಂದು ಕೂಗುತ್ತಿದ್ದಳು. ಮೇಲ್ಮಹಡಿಯ ಸೈರನ್ ಗುಮಾಸ್ತ ಒತ್ತುತ್ತಿದ್ದ. ಜನ ಗಂಟುಮೂಟೆ ಕಟ್ಟುತ್ತಿದ್ದರು. ಈ ವ್ಯವಸ್ಥೆ ಒಂದು ದಿನವೂ ಕೈಕೊಟ್ಟಿರಲಿಲ್ಲವಾದ್ದರಿಂದ ಅದನ್ನು ಸುಧಾರಿಸಬೇಕೆಂದು ತೀರ್ಮಾನವಾಯಿತು.

ಸುಧಾರಣೆಯ ಮೊದಲ ಹೆಜ್ಜೆಯಾಗಿ ಒಂದು ಸುತ್ತೋಲೆ ಹೊರಟಿತು: "ಇನ್ನು ಮುಂದೆ ನೀರಿನ ಮಟ್ಟವನ್ನು ಬಾಯಿಯ ಮೂಲಕ ತಿಳಿಸತಕ್ಕದ್ದಲ್ಲ. ಮಟ್ಟವು ಕಂಪ್ಯೂಟರ್ ಜಾಲದ ಮೂಲಕವೇ ಸೈರನ್ ಕೋಣೆಯನ್ನು ತಲುಪತಕ್ಕದ್ದು. ಜಾಲವು ಇನ್ನೂ ಇಲ್ಲದಿರುವುದನ್ನು ಕೂಗುವುದಕ್ಕೆ ನೆಪವಾಗಿ ಬಳಸತಕ್ಕದ್ದಲ್ಲ." ದೂರವಾಣಿಯಲ್ಲಿ ಮಾತನಾಡುವುದೂ ಬಾಯಿಯ ವ್ಯಾಪ್ತಿಗೇ ಬರುತ್ತದೆ ಎಂದು ಅಡಿಟಿಪ್ಪಣಿಯಲ್ಲಿ ಸ್ಪಷ್ಟಪಡಿಸಲಾಗಿತ್ತು. ಅಳತೆ ಅಕ್ಕ ಅಭ್ಯಾಸಬಲದಿಂದ ಒಮ್ಮೆ ಕಿಟಕಿಯಿಂದ, "ಚಹಾ ಆಯ್ತಾ?" ಎಂದು ಕೂಗಿದ್ದಕ್ಕೆ ಆಕೆಯಿಂದ ವಿವರಣೆ ಕೇಳಲಾಯಿತು. ಚಹಾ ನೀರಿನ ಮಟ್ಟವಲ್ಲ ಎಂದು ಆಕೆ ಬರೆದುಕೊಟ್ಟಳು. ಚಹಾದಲ್ಲಿ ನೀರಿದೆ ಎಂದು ಕಾರ್ಯಾಲಯ ತಿರುಗಿ ಬರೆಯಿತು. ಆಮೇಲೆ ಆಕೆ ಬಾಯಿಗೆ ಬೀಗ ಹಾಕಿಕೊಂಡಳು.

ಜಾಲ ಹಾಕಿಸುವುದಕ್ಕೆಂದು ಬಂದವರೇ ನಮ್ಮ ಮೇಷ್ಟ್ರು. ಅವರು ಈಗ ಮೇಷ್ಟ್ರಲ್ಲ. ಹಿಂದೆ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಜಾಲದ ಪಾಠ ಹೇಳುತ್ತಿದ್ದರು. ಕೇಂದ್ರ ಮುಚ್ಚಿತು, ಹೆಸರು ಉಳಿಯಿತು. ಕಾರ್ಯಾಲಯದಲ್ಲಿ ಅವರದು ತಾತ್ಕಾಲಿಕ ಕೆಲಸ. ಮೇಲಿನವರಿಗೆ ಸಮಾಧಾನವಾದರೆ ಖಾಯಂ, ಇಲ್ಲದಿದ್ದರೆ ದೊಡ್ಡ ನಮಸ್ಕಾರ. ಮನೆ ಇದ್ದದ್ದು ತಗ್ಗಿನ ಬೀದಿಯಲ್ಲೇ. ಮುಂದಿನ ಕೋಣೆಯಲ್ಲಿ ಹೆಂಡತಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಡುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಅಮ್ಮ, ಮಂಡಿನೋವು ಮತ್ತು ಮಗ ದೊಡ್ಡ ಆಫೀಸಿನಲ್ಲಿದ್ದಾನೆಂಬ ಹೆಮ್ಮೆ, ಇವೆರಡನ್ನೂ ಜೊತೆಗಿಟ್ಟುಕೊಂಡು ಕೂತಿರುತ್ತಿದ್ದಳು.

ನಿಯಮದ ಪ್ರಕಾರ, ಅಂಗಳ ಅಗೆದು ನಿಜವಾದ ಕೇಬಲ್ ಹಾಕುವ ಮೊದಲು ಇಡೀ ಜಾಲವನ್ನು ಅಣಕು ಜಾಲದ ತಂತ್ರಾಂಶದಲ್ಲಿ ಮಾಡಿ ತೋರಿಸಿ ಒಪ್ಪಿಗೆ ಪಡೆಯಬೇಕು. ನಿಯಮವೇನೋ ಒಳ್ಳೆಯದೇ. ಒಂದು ಕಡೆಯ ಸುದ್ದಿಯನ್ನು ಇನ್ನೊಂದು ಕಡೆಗೆ ಸಾಗಿಸುವ ಯಂತ್ರವಾದ ರೂಟರ್ ಆ ತಂತ್ರಾಂಶದಲ್ಲಿ ಪರದೆಯ ಮೇಲೊಂದು ಪುಟ್ಟ ಡಬ್ಬಿಯ ಚಿತ್ರ. ಎರಡು ಡಬ್ಬಿಗಳ ನಡುವೆ ಯಾವ ಕೇಬಲ್ ಬೇಕೋ ಅದನ್ನು ಆರಿಸಿ ಎಳೆಯಬೇಕು. ಸರಿಯಾದ ಕೇಬಲ್ ಎಳೆದು ಎರಡೂ ಕಡೆ ಚಾಲೂ ಮಾಡಿದರೆ ತುದಿಗಳಲ್ಲಿ ಹಸಿರು ಗುರುತು ಬರುತ್ತದೆ. ತಪ್ಪು ಕೇಬಲ್ ಆದರೆ ಏನೇ ಮಾಡಿದರೂ ಕೆಂಪು.

ರೂಟರ್‌ನಿಂದ ರೂಟರ್‌ಗೆ ಬೇಕಾದದ್ದು ಅಡ್ಡ ಕೇಬಲ್. ಮೇಷ್ಟ್ರು ಹಿಂದೆ ಪಾಠದಲ್ಲಿ ಹೇಳುತ್ತಿದ್ದದ್ದು ಹೀಗೆ: "ಒಂದೇ ಬಗೆಯ ಎರಡು ಯಂತ್ರ ಎದುರುಬದುರು ಕೂತಾಗ ಇಬ್ಬರ ಬಾಯಿಯೂ ಒಂದೇ ಕಡೆ, ಕಿವಿಯೂ ಒಂದೇ ಕಡೆ. ನೇರ ಕೇಬಲ್ ಹಾಕಿದ್ರೆ ಇವನ ಬಾಯಿ ಅವನ ಬಾಯಿಗೇ ಹೋಗಿ ಕೂತ್ಕೊಳುತ್ತೆ. ಇಬ್ಬರೂ ಮಾತಾಡ್ತಾರೆ, ಒಬ್ಬನಿಗೂ ಕೇಳಿಸಲ್ಲ. ಅದಕ್ಕೇ ಒಳಗಿನ ತಂತಿಯನ್ನ ಅಡ್ಡ ದಾಟಿಸ್ತಾರೆ." ಹೊಸ ಕಾಲದ ಯಂತ್ರಗಳು ಇದನ್ನೆಲ್ಲ ತಾವೇ ಹೊಂದಿಸಿಕೊಳ್ಳುತ್ತವೆ. ಕಾರ್ಯಾಲಯ ಕೊಂಡಿದ್ದವು ಹಳೆಯ ಕಾಲದವು. ಅವನ್ನು ಹೊಸ ಕಾಲದ ಬೆಲೆಗೆ ಕೊಳ್ಳಲಾಗಿತ್ತು.

ಆ ತಂತ್ರಾಂಶವು ನೇರ ಕೇಬಲನ್ನು ತುಂಬು ಗೆರೆಯಾಗಿಯೂ, ಅಡ್ಡ ಕೇಬಲನ್ನು ತುಂಡು ತುಂಡು ಗೆರೆಯಾಗಿಯೂ ತೋರಿಸುತ್ತದೆ. ನೋಡಿದ ಕೂಡಲೇ ಗುರುತು ಸಿಗಲಿ ಎಂದು ಮಾಡಿದ ಏರ್ಪಾಡು ಅದು. ಮೇಷ್ಟ್ರು ಎರಡು ರೂಟರ್ ಇಟ್ಟರು, ಅಡ್ಡ ಕೇಬಲ್ ಎಳೆದರು, ಹಸಿರು ಬಂತು. ನಿರ್ದೇಶಕರು ಬಂದು ನೋಡಿ, "ಭೇಷ್! ಎಷ್ಟು ಹಸಿರಾಗಿದೆ ನೋಡಿ," ಎಂದು ಬೆನ್ನು ತಟ್ಟಿದರು. ಆ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ತಮ್ಮ ಕುರ್ಚಿಯ ಹಿಂದೆ ತೂಗುಹಾಕಿಸಿದರು. ಎಲ್ಲ ಸರಿಯಾಗಿತ್ತು. ಲೆಕ್ಕ ತಪಾಸಣೆಯವರು ಬರುವವರೆಗೆ.

ತಪಾಸಣಾಧಿಕಾರಿಗಳು ತೆಳ್ಳಗೆ, ಶಾಂತವಾಗಿದ್ದ ಮನುಷ್ಯ. ಯಾರ ಮೇಲೂ ದನಿ ಏರಿಸಿದವರಲ್ಲ. ಕನ್ನಡಕ ಹಣೆಗೇರಿಸಿ, ನಿರ್ದೇಶಕರ ಹಿಂದಿದ್ದ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಮೇಷ್ಟ್ರನ್ನು ಕರೆಸಿದರು.

"ಇದೇನಿದು?"

"ಕೇಬಲ್ ಸಾರ್. ಎರಡು ರೂಟರ್ ನಡುವಿಂದು."

"ಅದು ಕಾಣ್ತಿದೆ. ತುಂಡು ತುಂಡಾಗಿದೆಯಲ್ಲ?"

"ಅದು ಹಾಗೇ ತೋರ್ಸೋದು ಸಾರ್. ಅಡ್ಡ ಕೇಬಲ್ ಅಂತ ಗೊತ್ತಾಗ್ಲಿ ಅಂತ."

"ತುಂಡು ಇರೋ ಕಡೆ ಕೇಬಲ್ ಇದೆ. ಒಪ್ಪಿದೆ. ತುಂಡು ಇಲ್ಲದೆ ಇರೋ ಕಡೆ?"

"ಅಲ್ಲಿ... ಅಲ್ಲೇನಿಲ್ಲ ಸಾರ್. ಬಿಳಿ ಜಾಗ."

"ಅಂದ್ರೆ ಅಲ್ಲಿ ಕೇಬಲ್ ಇಲ್ಲ."

"ಚಿತ್ರದಲ್ಲಿ ಇಲ್ಲ ಸಾರ್."

"ಚಿತ್ರದಲ್ಲಿ ಇಲ್ಲದೆ ಇರೋದು ಎಲ್ಲಿ ಇರುತ್ತೆ ಮೇಷ್ಟ್ರೇ?" ಅಧಿಕಾರಿಗಳು ಮೆಲ್ಲಗೆ ಕೇಳಿದರು. "ನಾನು ಕೇಳ್ತಿರೋದು ಇಷ್ಟೇ. ನಡುನಡುವೆ ಇರಬೇಕಾಗಿದ್ದ ಕೇಬಲ್‌ನ ಯಾರು ತಗೊಂಡ್ರು?"

ಮೇಷ್ಟ್ರಿಗೆ ನಗು ಬಂತು. ಅದು ಅವರು ಮಾಡಿದ ಮೊದಲ ತಪ್ಪು. ಆ ನಗುವನ್ನು ತಪಾಸಣೆಯ ಆಕ್ಷೇಪಣೆಯಲ್ಲಿ ದಾಖಲಿಸಲಾಯಿತು: "ಕೇಬಲ್‌ನ ಹೆಚ್ಚುಕಡಿಮೆ ಅರ್ಧ ಭಾಗ ಅಂತರಗಳ ರೂಪದಲ್ಲಿ ಕಾಣೆಯಾಗಿದೆ. ವಿಚಾರಿಸಿದಾಗ ಸಂಬಂಧಪಟ್ಟವರು ನಕ್ಕರು."

ಮೇಷ್ಟ್ರು ಗಾಬರಿಬಿದ್ದು ಅಧಿಕಾರಿಗಳನ್ನು ಅಂಗಳಕ್ಕೇ ಕರೆದುಕೊಂಡು ಹೋದರು. ಅಳತೆ ಮನೆಯಿಂದ ಮುಖ್ಯ ಕಟ್ಟಡದವರೆಗೆ ಬರೀ ನೆಲ. ಒಂದು ನಾಯಿ ಮಲಗಿತ್ತು. "ನೋಡಿ ಸಾರ್, ಇಲ್ಲಿ ಕೇಬಲ್ಲೇ ಇಲ್ಲ. ಇನ್ನೂ ಹಾಕೇ ಇಲ್ಲ. ಇಲ್ಲದ್ದನ್ನ ಕದಿಯೋದು ಹೇಗೆ?"

ಅಧಿಕಾರಿಗಳು ನಾಯಿಯನ್ನು ದಾಟಿ ಆ ಕಡೆಯಿಂದ ಈ ಕಡೆಗೆ ಒಮ್ಮೆ ನಡೆದು ನೋಡಿದರು. ಅವರ ಮುಖದಲ್ಲಿ ನಿಜವಾದ ಕನಿಕರವಿತ್ತು. "ಮೇಷ್ಟ್ರೇ, ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ, ಈ ಮಾತನ್ನ ಇನ್ನೊಬ್ಬರ ಹತ್ರ ಆಡಬೇಡಿ. ಚಿತ್ರದಲ್ಲಿ ಅರ್ಧವಾದ್ರೂ ಇದೆ. ಇಲ್ಲಿ ಅದೂ ಇಲ್ಲ ಅಂದ್ರೆ, ಉಳಿದ ಅರ್ಧವನ್ನೂ ನೀವೇ ಹೊತ್ತುಕೊಂಡು ಹೋದ್ರಿ ಅಂತಾಗುತ್ತೆ."

ಈ ಸುದ್ದಿ ಗುತ್ತಿಗೆದಾರನ ಕಿವಿಗೆ ಬಿತ್ತು. ಕೇಬಲ್ ಹಾಕುವ ಗುತ್ತಿಗೆ ಅವನದೇ. ಆದರೆ ಅವನು ಅಲ್ಲಿಯವರೆಗೆ ಅಂಗಳಕ್ಕೆ ಒಂದು ಗುದ್ದಲಿಯನ್ನೂ ತಂದಿರಲಿಲ್ಲ. ಬೇರೆಯವನಾಗಿದ್ದರೆ ಹೆದರುತ್ತಿದ್ದ. ಇವನು ಹೊಸ ಅಂಗಿ ಹಾಕಿಕೊಂಡು ನಿರ್ದೇಶಕರ ಕೋಣೆಗೆ ಬಂದ.

"ಸಾರ್, ನಾನು ಪೂರ್ತಿ ಕೇಬಲ್ ಹಾಕಿದ್ದೆ. ಅದರಲ್ಲಿ ಅರ್ಧ ಕಾಣ್ತಿಲ್ಲ ಅಂತ ತಪಾಸಣೆಯವರೇ ಬರೆದಿದ್ದಾರೆ. ಅಂದ್ರೆ ಉಳಿದ ಅರ್ಧ ಇದೆ ಅಂತ ಅವರೇ ಒಪ್ಪಿದ ಹಾಗಾಯ್ತು. ಹಾಕದೇ ಇದ್ರೆ ಅರ್ಧ ಎಲ್ಲಿಂದ ಬರ್ತಿತ್ತು?"

ನಿರ್ದೇಶಕರು ಯೋಚಿಸಿದರು. ಎಲ್ಲಿಂದಲೂ ಬರುತ್ತಿರಲಿಲ್ಲ. ಹೀಗಾಗಿ ಕೇಬಲ್ ಹಾಕಿದ ಕೆಲಸ ಪೂರ್ಣಗೊಂಡಿದೆ ಎಂದು ಗುತ್ತಿಗೆದಾರನ ಬಿಲ್ಲು ಮಂಜೂರಾಯಿತು. ಅಂತರಗಳನ್ನು ತುಂಬಿಸುವ ಕೆಲಸವನ್ನು ಪ್ರತ್ಯೇಕ ಕಾಮಗಾರಿ ಎಂದು ಪರಿಗಣಿಸಿ ಅದನ್ನೂ ಅವನಿಗೇ ವಹಿಸಲಾಯಿತು, ಏಕೆಂದರೆ ತುಂಡುಗಳ ಪರಿಚಯ ಅವನಿಗಿದ್ದಷ್ಟು ಬೇರೆ ಯಾರಿಗೂ ಇರಲಿಲ್ಲ. ಉಳಿದದ್ದು ಕಳ್ಳತನದ ಪ್ರಶ್ನೆ. ಅದು ಮೇಷ್ಟ್ರ ಕೊರಳಿಗೆ ಬಿತ್ತು.

ಮನೆಗೆ ಬಂದು ಮೇಷ್ಟ್ರು ಊಟಕ್ಕೆ ಕೂತು ಅನ್ನವನ್ನು ಸುಮ್ಮನೆ ಕಲಸುತ್ತಿದ್ದರು. ಹೆಂಡತಿ ಬಾಯಲ್ಲಿ ಹಿಡಿದಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಏನಾಯಿತೆಂದು ಕೇಳಿದಳು. ಮೇಷ್ಟ್ರು ಹೇಳಿದರು. ಒಳಗಿನ ಕೋಣೆಯಿಂದ ಅಮ್ಮ ಪೂರ್ತಿ ಕೇಳಿಸಿಕೊಂಡು, "ಅಲ್ಲ ಕಣೋ, ತಗೊಂಡಿದ್ದು ತಗೊಂಡೆ, ಒಂದು ತುಂಡನ್ನಾದ್ರೂ ಮನೆಗೆ ತರಬಾರದಿತ್ತಾ? ಬಟ್ಟೆ ಒಣಗಿಸೋಕೆ ಹಗ್ಗ ಇಲ್ಲ ಅಂತ ಎಷ್ಟು ದಿನದಿಂದ ಬಡ್ಕೋತಿದೀನಿ," ಎಂದಳು.

"ಅಮ್ಮಾ, ನಾನು ತಗೊಂಡಿಲ್ಲ!"

"ಆಯ್ತಪ್ಪ, ತಗೊಂಡಿಲ್ಲ. ನಾನೇನು ಯಾರ ಹತ್ರಾನೂ ಹೇಳಕ್ಕೆ ಹೋಗಲ್ಲ."

ಹೆಂಡತಿ ಸಣ್ಣ ದನಿಯಲ್ಲಿ ಕೇಳಿದಳು: "ರೀ, ತುಂಬು ಗೆರೆ ಎಳೆದ್ರೆ ಏನಾಗುತ್ತೆ?"

"ಕೆಂಪು ಬರುತ್ತೆ. ಸುದ್ದಿ ಹೋಗಲ್ಲ."

"ಈಗೇನು ಹೋಗ್ತಿದೆಯಾ? ಅಂಗಳದಲ್ಲಿ ಕೇಬಲ್ಲೇ ಇಲ್ಲ ಅಂದ್ರಿ."

ಮೇಷ್ಟ್ರು ತಟ್ಟೆ ಪಕ್ಕಕ್ಕಿಟ್ಟರು. "ಅದು ಹಾಗಲ್ಲ ಕಣೇ. ಚಿತ್ರ ಸರಿಯಿದ್ರೆ ಒಂದಲ್ಲ ಒಂದು ದಿನ ಯಾರಾದ್ರೂ ಅದನ್ನ ನೋಡಿ ಸರಿಯಾದ ಕೇಬಲ್ ಹಾಕ್ತಾರೆ. ಚಿತ್ರವೇ ತಪ್ಪಾದ್ರೆ ಮುಗೀತು."

"ನಿಮ್ಮ ಕೆಲಸ ಹೋದ್ರೆ ನಮ್ಮ ಕಥೆ ಇವತ್ತೇ ಮುಗಿಯುತ್ತೆ," ಎಂದು ಹೆಂಡತಿ ಗುಂಡುಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡಳು.

ಕೇಬಲ್ ಗುರುತಿಸುವ ಸಮಿತಿ ಸೇರಿತು. ನಿರ್ದೇಶಕರು ಅಧ್ಯಕ್ಷರು, ತಪಾಸಣಾಧಿಕಾರಿಗಳು ಸದಸ್ಯರು, ಗುತ್ತಿಗೆದಾರ ತಜ್ಞ. ಪರದೆಯ ಮುಂದೆ ಮೇಷ್ಟ್ರು. ಇರುವ ಕೇಬಲ್‌ಗಳನ್ನೆಲ್ಲ ಒಂದಾದ ಮೇಲೊಂದರಂತೆ ತೋರಿಸಬೇಕೆಂದು ಅಪ್ಪಣೆಯಾಯಿತು.

ಮೇಷ್ಟ್ರು ಮೊದಲು ಸೀರಿಯಲ್ ಕೇಬಲ್ ಎಳೆದರು. ರೂಟರ್‌ಗಳ ನಡುವೆ ಅದೂ ನಡೆಯುತ್ತದೆ, ಬೇರೆ ತೂತು ಬೇಕು ಅಷ್ಟೇ. ತಂತ್ರಾಂಶ ಅದನ್ನು ಮಿಂಚಿನ ಹಾಗೆ ಅಂಕುಡೊಂಕಾದ ಕೆಂಪು ಗೆರೆಯಾಗಿ ತೋರಿಸಿತು.

"ಸೊಟ್ಟಗಿದೆ," ಎಂದರು ನಿರ್ದೇಶಕರು. "ಸರಕಾರದ ಕೆಲಸ ಸೊಟ್ಟಗಿದ್ರೆ ಜನ ಏನಂತಾರೆ?"

"ಒಂದು ತುದೀಲಿ ಗಡಿಯಾರ ಕಾಣ್ತಿದೆ," ಎಂದರು ತಪಾಸಣಾಧಿಕಾರಿಗಳು. ಅದು ಯಾವ ಕಡೆಯವರು ವೇಗ ನಿಗದಿ ಮಾಡಬೇಕೆಂದು ತೋರಿಸುವ ಗುರುತು ಎಂದು ಮೇಷ್ಟ್ರು ವಿವರಿಸಿದರು. "ಅದಿರಲಿ. ಗಡಿಯಾರವನ್ನ ಖರೀದಿ ಮಾಡಿದ್ಯಾರು?" ಎಂದು ಅಧಿಕಾರಿಗಳು ಕೇಳಿದರು. ಸೀರಿಯಲ್ ಕೇಬಲ್ ಬಿದ್ದುಹೋಯಿತು.

ಆಮೇಲೆ ಕಂಪ್ಯೂಟರನ್ನು ರೂಟರ್‌ಗೆ ಜೋಡಿಸಿ ಹೊಂದಿಸಲು ಬಳಸುವ ಕನ್ಸೋಲ್ ಕೇಬಲ್. ತಿಳಿನೀಲಿ, ಬಳುಕಿಕೊಂಡು ಬಂತು. "ಸಡಿಲ," ಎಂದ ಗುತ್ತಿಗೆದಾರ, ತಜ್ಞನ ಗಾಂಭೀರ್ಯದಿಂದ. "ಬಿಗಿಯಾಗಿ ಎಳೆದಿಲ್ಲ."

ಕೊನೆಗೆ ಮೇಷ್ಟ್ರು ನೇರ ಕೇಬಲ್ ಮೇಲೆ ಬೆರಳಿಟ್ಟರು. ಒಂದು ರೂಟರ್‌ನಿಂದ ಇನ್ನೊಂದಕ್ಕೆ ಕಪ್ಪು ಗೆರೆ ಬಂದು ಕೂತಿತು. ತುಂಬು ಗೆರೆ, ಎಲ್ಲೂ ಎಳ್ಳಷ್ಟೂ ಅಂತರವಿಲ್ಲ. ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು.

"ಆಹಾ," ಎಂದರು ತಪಾಸಣಾಧಿಕಾರಿಗಳು. ಅವರ ಕಣ್ಣಂಚು ಒದ್ದೆಯಾಗಿತ್ತು. "ಸಿಕ್ಕಿತಲ್ಲ! ಪೂರ್ತಿ ಇದೆ."

"ನಾನೇ ತುಂಬಿಸಿದ್ದು," ಎಂದ ಗುತ್ತಿಗೆದಾರ.

"ಆದ್ರೆ ಸಾರ್," ಮೇಷ್ಟ್ರು ಪರದೆ ತೋರಿಸಿದರು, "ಎರಡೂ ತುದೀಲಿ ಕೆಂಪು ಬಂದಿದೆ. ಈ ಕೇಬಲ್‌ನಲ್ಲಿ ಸುದ್ದಿ ದಾಟಲ್ಲ. ರೂಟರ್ ರೂಟರ್ ನಡುವೆ..."

ನಿರ್ದೇಶಕರು ಕೈ ಎತ್ತಿ ತಡೆದರು. "ಮೇಷ್ಟ್ರೇ, ಕೇಬಲ್ ಪೂರ್ತಿ ಇದೆಯೋ ಇಲ್ವೋ?"

"ಇದೆ."

"ಕಳುವಾದದ್ದು ಸಿಕ್ತೋ ಇಲ್ವೋ?"

"...ಸಿಕ್ತು."

"ನೀವು ಖಾಯಂ ಆಗಬೇಕೋ ಬೇಡ್ವೋ?"

ಪರದೆಯ ಮೇಲೆ ಎರಡು ಕೆಂಪು ಚುಕ್ಕೆ ಉರಿಯುತ್ತಿದ್ದವು. ಮೇಷ್ಟ್ರಿಗೆ ತರಬೇತಿ ಕೇಂದ್ರದ ದಿನಗಳು ನೆನಪಾದವು. ಇದೇ ತಪ್ಪು ಮಾಡಿದ ಎಷ್ಟು ಜನರ ಉತ್ತರಕ್ಕೆ ತಾವು ಸೊನ್ನೆ ಹಾಕಿದ್ದರು! "ಬೇಕು ಸಾರ್," ಎಂದರು.

ಅಂದೇ ಸುತ್ತೋಲೆ ಹೊರಟಿತು: "ಕಾರ್ಯಾಲಯದ ಜಾಲ ನಕ್ಷೆಯಲ್ಲಿ ಕೇಬಲ್‌ನ ತುದಿಗಳಲ್ಲಿ ಕೆಂಪು ಕಂಡುಬಂದಲ್ಲಿ ಅದನ್ನು ಹಸಿರೆಂದು ಓದತಕ್ಕದ್ದು. ಹಸಿರು ಕಂಡುಬಂದಲ್ಲಿ ಕೂಡಲೇ ಮೇಲಧಿಕಾರಿಗಳ ಗಮನಕ್ಕೆ ತರತಕ್ಕದ್ದು." ಅದರ ಕೆಳಗೆ, ಕೇಬಲ್ ಸರಿಯಿದೆ ಎಂದು ಮೇಷ್ಟ್ರು ಸಹಿ ಹಾಕಿದರು. ಕೈ ನಡುಗಿದ್ದರಿಂದ ಸಹಿ ಸೀರಿಯಲ್ ಕೇಬಲ್ಲಿನಂತೆ ಬಂತು. ಯಾರೂ ಆಕ್ಷೇಪಿಸಲಿಲ್ಲ.

ನಿಜವಾದ ರೂಟರ್‌ಗಳು ಅಳತೆ ಮನೆಗೊಂದು, ಸೈರನ್ ಕೋಣೆಗೊಂದು ಬಂದು ಕೂತವು. ಜೊತೆಗೊಂದೊಂದು ಕಂಪ್ಯೂಟರ್. ನಡುವೆ ಅಂಗಳ, ನಾಯಿ. ಅಳತೆ ಅಕ್ಕನಿಗೆ ಮಟ್ಟ ಟೈಪ್ ಮಾಡುವುದನ್ನು ಮೇಷ್ಟ್ರೇ ಕಲಿಸಿಕೊಟ್ಟರು.

"ನಾನು ಟೈಪ್ ಮಾಡಿದ್ದು ಎಲ್ಲಿಗೆ ಹೋಗುತ್ತೆ ಮೇಷ್ಟ್ರೇ?"

"ರೂಟರ್‌ವರೆಗೆ ಹೋಗುತ್ತೆ ಅಕ್ಕ."

"ಆಮೇಲೆ?"

ಮೇಷ್ಟ್ರು ಕಿಟಕಿಯಾಚೆ ನದಿ ನೋಡಿದರು. "ಆಮೇಲಿಂದು ಜಾಲಕ್ಕೆ ಬಿಟ್ಟದ್ದು."

ನೀರು ಬಂದದ್ದು ಒಂದು ದಿನ ಬೆಳಗಾದ ಮೇಲೆ, ಒಳ್ಳೆಯ ಬಿಸಿಲಿನಲ್ಲಿ. ಊರಿನಲ್ಲಿ ಒಂದು ಹನಿ ಮಳೆಯಿಲ್ಲ. ಮೇಲೆಲ್ಲೋ ಅಣೆಕಟ್ಟಿನ ಬಾಗಿಲು ತೆಗೆದಿದ್ದರು. ಅಳತೆ ಅಕ್ಕ ನೋಡುತ್ತಿದ್ದಂತೆ ನೀರು ಬಿಳಿ ಗೆರೆ ಮುಟ್ಟಿತು, ಮುಳುಗಿಸಿತು. ಆಕೆ ಟೈಪ್ ಮಾಡಿದಳು. ಕಾದಳು. ಸೈರನ್ ಇಲ್ಲ. ಮತ್ತೆ ಮಾಡಿದಳು. ಎದ್ದು ಕಿಟಕಿಗೆ ಬಂದು ಅರ್ಧ ಮೈ ಹೊರಗೆ ಹಾಕಿ ಬಾಯಿ ತೆರೆದಳು. ಚಹಾದ ವಿವರಣೆ ನೆನಪಾಗಿ ಹಾಗೇ ಮುಚ್ಚಿದಳು. ಕೊನೆಗೆ, ಕೈ ಬಾಯಿಯಲ್ಲವಲ್ಲ ಎಂದು ಯೋಚಿಸಿ, ಎರಡೂ ಕೈ ಎತ್ತಿ ಬೀಸತೊಡಗಿದಳು. ಎದುರಿನ ಮೇಲ್ಮಹಡಿಯಿಂದ ಸೈರನ್ ಗುಮಾಸ್ತ ತಾನೂ ಕೈ ಬೀಸಿದ.

ಅದೇ ಹೊತ್ತಿಗೆ ಮೇಷ್ಟ್ರು ನಿರ್ದೇಶಕರ ಕೋಣೆಯಲ್ಲಿ ಖಾಯಂ ಆದೇಶ ತೆಗೆದುಕೊಳ್ಳುತ್ತಿದ್ದರು. ಕಿಟಕಿಯಾಚೆ ಬೀಸುತ್ತಿದ್ದ ಕೈಗಳು ಕಂಡವು. ಅದರ ಕೆಳಗೆ, ಅಳತೆ ಮನೆಯ ಮೆಟ್ಟಿಲ ಮೇಲೆ, ನೀರು. ಆದೇಶವನ್ನು ಜೇಬಿಗೆ ತುರುಕಿ ಒಂದೇ ಉಸಿರಿನಲ್ಲಿ ಸೈರನ್ ಕೋಣೆಗೆ ಓಡಿದರು.

"ಒತ್ತಪ್ಪಾ! ನೀರು ಬಂದಿದೆ!"

"ನಂಗೂ ಕಾಣ್ತಿದೆ ಮೇಷ್ಟ್ರೇ," ಎಂದ ಗುಮಾಸ್ತ. ಅವನ ಬೆರಳು ಗುಂಡಿಯ ಮೇಲೇ ಇತ್ತು, ಬೆವರುತ್ತಿತ್ತು. "ಕಣ್ಣಾರೆ ಕಾಣ್ತಿದೆ. ಆದ್ರೆ ಪರದೆ ಮೇಲೆ ಬಂದಿಲ್ವಲ್ಲ. ಬರದೆ ನಾನು ಒತ್ತೋ ಹಾಗಿಲ್ಲ."

"ಅದು ಬರಲ್ಲ! ಕೇಬಲ್ಲೇ ಇಲ್ಲ!"

"ಕೇಬಲ್ ಸರಿ ಇದೆ ಅಂತ ನೀವೇ ಸಹಿ ಹಾಕಿದ್ದೀರಿ. ಸರಿ ಇರೋ ಕೇಬಲ್‌ನಲ್ಲಿ ಬರದೇ ಇರೋ ಸುದ್ದಿ ಸುಳ್ಳು ಸುದ್ದಿ. ಸುಳ್ಳು ಸುದ್ದಿಗೆ ಒತ್ತಿದ್ರೆ ನನ್ನ ಗತಿ? ನಂಗೂ ಮಕ್ಕಳಿದ್ದಾರೆ ಮೇಷ್ಟ್ರೇ." ಅವನ ದನಿಯಲ್ಲಿ ಅಳುವಿತ್ತು.

ಆಗ ಮೇಷ್ಟ್ರು ಮಾಡಿದ ಕೆಲಸ ಅವರಿಗೇ ಆಮೇಲೆ ಅರ್ಥವಾಗಲಿಲ್ಲ. ಅವರು ಆ ಗುಂಡಿ ಒತ್ತಲಿಲ್ಲ. ಕಿಟಕಿಯಿಂದ ಕೂಗಲೂ ಇಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು, ಅಣಕು ಜಾಲದ ತಂತ್ರಾಂಶ ತೆರೆದು, ತುಂಬು ಗೆರೆ ಅಳಿಸಿ, ತುಂಡು ಗೆರೆ ಎಳೆದರು. ಎರಡೂ ತುದಿಗಳಲ್ಲಿ ಹಸಿರು ಬಂತು. "ಬಂತು!" ಎಂದು ಕೂಗಿ ಕಿಟಕಿಯಾಚೆ ನೋಡಿದರು. ಅಂಗಳದಲ್ಲಿ ನಾಯಿ ಎದ್ದು ನಿಂತು, ನೀರಿನಿಂದ ಒಂದೊಂದೇ ಕಾಲನ್ನು ಎತ್ತಿಡುತ್ತಿತ್ತು.

ಹಸಿರು ಕಂಡದ್ದರಿಂದ ಗುಮಾಸ್ತ ನಿಯಮದಂತೆ ಕೂಡಲೇ ಮೇಲಧಿಕಾರಿಗಳ ಗಮನಕ್ಕೆ ತಂದ. ನಿರ್ದೇಶಕರು ಬಂದು, "ಏನ್ ಮೇಷ್ಟ್ರೇ, ಖಾಯಂ ಆದ ದಿನವೇ ಮತ್ತೆ ಕದಿಯೋಕೆ ಶುರು ಮಾಡಿದ್ರಾ?" ಎಂದು ನೊಂದ ದನಿಯಲ್ಲಿ ಕೇಳುವಷ್ಟರಲ್ಲಿ ಮೇಷ್ಟ್ರು ಮೆಟ್ಟಿಲಿಳಿದು ಮನೆಯ ಕಡೆ ಓಡುತ್ತಿದ್ದರು.

ತಗ್ಗಿನ ಬೀದಿಯಲ್ಲಿ ನೀರು ಮೊಣಕಾಲು ದಾಟಿತ್ತು. ಜನ ತಾವಾಗಿಯೇ ನೋಡಿ, ಕೈಗೆ ಸಿಕ್ಕಿದ್ದು ಎತ್ತಿಕೊಂಡು ತಾರಸಿ ಏರಿದ್ದರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರವನ್ನು ಒಬ್ಬಳೇ ಮಂಚದ ಮೇಲೆ ಎತ್ತಿಟ್ಟು, ಅದನ್ನು ತಬ್ಬಿಕೊಂಡು ನಿಂತಿದ್ದಳು. ಹೊಲಿದಿಟ್ಟ ಬಟ್ಟೆಗಳು ಕೋಣೆಯ ತುಂಬ ತೇಲುತ್ತಿದ್ದವು. ಅಮ್ಮ ಹಿಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ, ಮಂಡಿಯವರೆಗೆ ನೀರಿನಲ್ಲಿ, ಹಾಗೆಯೇ ಕೂತಿದ್ದಳು.

"ಎಷ್ಟು ಕರೆದ್ರೂ ಏಳಲಿಲ್ಲ," ಎಂದಳು ಹೆಂಡತಿ.

"ಯಾಕಮ್ಮಾ? ನೀರು ಕಾಣಲಿಲ್ವಾ?"

"ಕಾಣ್ತು. ಸೈರನ್ ಆಗ್ಲಿಲ್ವಲ್ಲೋ," ಎಂದಳು ಅಮ್ಮ. "ಮಗ ಅಲ್ಲೇ ಇದ್ದಾನೆ, ನಿಜವಾಗ್ಲೂ ನೀರು ಬಂದಿದ್ರೆ ಹೇಳ್ದೆ ಇರ್ತಾನಾ ಅಂತ ಕೂತಿದ್ದೆ."

ಮೇಷ್ಟ್ರು ಅಮ್ಮನನ್ನು ಬೆನ್ನ ಮೇಲೆ ಹೊತ್ತು ತಾರಸಿ ಏರಿದರು. ಜೇಬಿನಲ್ಲಿದ್ದ ಆದೇಶ ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು.

ವಿಚಾರಣೆ ನಡೆಯಿತು. ಸಮಿತಿಯವರು ಮೇಲ್ಮಹಡಿಯಲ್ಲಿ ಸೇರಿದರು, ಏಕೆಂದರೆ ಕೆಳಮಹಡಿಯಲ್ಲಿ ಮೇಜುಗಳು ಜಾಗ ಬದಲಿಸುತ್ತಿದ್ದವು. ತುಂಬು ಗೆರೆಯನ್ನು ಮತ್ತೆ ಎಳೆಸಿ, ಪರದೆಯನ್ನು ಎಲ್ಲ ಕೋನಗಳಿಂದ ಪರಿಶೀಲಿಸಲಾಯಿತು. ತಪಾಸಣಾಧಿಕಾರಿಗಳು ಬೆರಳಿನಿಂದ ಪರದೆಯನ್ನು ಮುಟ್ಟಿ, ಬೆರಳು ಒಣಗಿರುವುದನ್ನು ಎಲ್ಲರಿಗೂ ತೋರಿಸಿದರು. ಅದರಂತೆ ಪ್ರಕಟಣೆ ಹೊರಬಿತ್ತು:

"ಅನುಮೋದಿತ ನಕ್ಷೆಯಲ್ಲಿ ನೀರು ಕಂಡುಬಂದಿರುವುದಿಲ್ಲ. ಬೀದಿಗಳಲ್ಲಿ ಇದೆಯೆನ್ನಲಾದ ನೀರು ಅನುಮೋದಿತವಲ್ಲ. ಸಂದೇಹವಿರುವ ನಾಗರಿಕರು ಕಚೇರಿಯ ವೇಳೆಯಲ್ಲಿ ಖುದ್ದಾಗಿ ಬಂದು ಪರದೆಯನ್ನು ವೀಕ್ಷಿಸಿ ಸಮಾಧಾನ ಹೊಂದತಕ್ಕದ್ದು."

ನೀರು ಇಳಿಯಲಿಲ್ಲ. ಮೇಲಿನ ಅಣೆಕಟ್ಟಿನವರು ಬಾಗಿಲು ಮುಚ್ಚಲು ಇವರ ಕಾರ್ಯಾಲಯದಿಂದ ಪತ್ರ ಬೇಕಂತೆ. ನೀರೇ ಇಲ್ಲದ ಮೇಲೆ ಇವರು ಪತ್ರ ಬರೆಯುವುದು ಯಾವ ಆಧಾರದ ಮೇಲೆ? ಹೀಗಾಗಿ ಜನ ಬರತೊಡಗಿದರು. ಚಪ್ಪಲಿ ಕೈಯಲ್ಲಿ ಹಿಡಿದು, ಬಟ್ಟೆ ಮೇಲೆತ್ತಿ, ಅಂಗಳದ ನೀರು ದಾಟಿ, ಮೆಟ್ಟಿಲು ಹತ್ತಿ ಸಾಲಾಗಿ ನಿಂತರು. ಪರದೆ ತೋರಿಸುವ ಹೊಣೆ ಮೇಷ್ಟ್ರದು. ಎರಡು ಡಬ್ಬಿ, ನಡುವೆ ಒಂದು ಕಪ್ಪು ಗೆರೆ, ಸುತ್ತ ಬೆಳ್ಳಗೆ ಒಣ ನೆಲ.

ಮೊದಲು ಬಂದವರು ಎದುರುಮನೆಯ ಗಡಿಯಾರ ರಿಪೇರಿಯ ಅಜ್ಜ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಪರದೆಯನ್ನು ಕೂಲಂಕಷವಾಗಿ ನೋಡಿದರು. "ಒಣಗಿದೆ, ನಿಜ," ಎಂದರು. "ಆದ್ರೆ ಇದರಲ್ಲಿ ನಮ್ಮನೆ ಎಲ್ಲಪ್ಪ?"

ಮೇಷ್ಟ್ರು ಕೆಳಗೆ ನೋಡಿದರು. ಅಜ್ಜನ ಪಾದಗಳು ನೀರಿನಲ್ಲಿ ನೆನೆದು ನೆನೆದು ಬೆಳ್ಳಗಾಗಿದ್ದವು. ಆ ತಂತ್ರಾಂಶದಲ್ಲಿ ಗುರುತಿಗೆಂದು ಚೌಕ ಎಳೆಯುವ, ಅದರ ಮೇಲೆ ಹೆಸರು ಬರೆಯುವ ಅನುಕೂಲವಿದೆ. ಮೇಷ್ಟ್ರು ರೂಟರಿನ ಪಕ್ಕದಲ್ಲಿ ಒಂದು ಚೌಕ ಎಳೆದು, "ಗಡಿಯಾರ ಅಜ್ಜನ ಮನೆ" ಎಂದು ಬರೆದರು. ಅಜ್ಜ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತರು. "ಗೋಡೆ ನೆಟ್ಟಗಿದೆ," ಎಂದು ಮೇಷ್ಟ್ರ ಕೈ ಹಿಡಿದು ಅದುಮಿ, ಸಮಾಧಾನದಿಂದ ಮೆಟ್ಟಿಲಿಳಿದು ಹೋದರು.

ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು? ಸಾಲು ಬೀದಿಯ ತಿರುವಿನವರೆಗೆ ಬೆಳೆಯಿತು. ಎಲ್ಲರಿಗೂ ಮನೆ ಬೇಕು. ಕೆಲವರಿಗೆ ಹಿತ್ತಿಲು ಬೇಕು. ಅಕ್ಕಪಕ್ಕದವರು ಗೋಡೆಯ ವಿಷಯಕ್ಕೆ ಪರದೆಯ ಮುಂದೆಯೇ ಜಗಳವಾಡಿದರು. ನಿರ್ದೇಶಕರು ಮೊದಲು ಹುಬ್ಬು ಗಂಟಿಕ್ಕಿದರೂ, ಆಮೇಲೆ ತಮಗೂ ಒಂದು ಮೂಲೆ ನಿವೇಶನ ಕಾದಿರಿಸಲು ಹೇಳಿದರು. ತಪಾಸಣಾಧಿಕಾರಿಗಳು ಎಲ್ಲ ಚೌಕಗಳನ್ನೂ ತುಂಬು ಗೆರೆಯಲ್ಲೇ ಎಳೆಯಬೇಕೆಂದು ಷರತ್ತು ಹಾಕಿ ಒಪ್ಪಿಗೆ ಕೊಟ್ಟರು. ಗುತ್ತಿಗೆದಾರನಂತೂ ಸುಮ್ಮನಿರುವ ಜೀವವಲ್ಲ. ಪರದೆಯ ಮೇಲ್ಭಾಗವೇ ಎತ್ತರದ ಪ್ರದೇಶ, ಅಲ್ಲಿಗೆ ನೀರು ಎಂದಿಗೂ ಬರುವುದಿಲ್ಲ ಎಂದು ಪ್ರಚಾರ ಮಾಡಿ, ಆ ಭಾಗವನ್ನು ಬಡಾವಣೆ ಮಾಡುವ ಹಕ್ಕು ಪಡೆದುಕೊಂಡ. ಅಳತೆ ಅಕ್ಕ, ಕೆಲಸದ ಜಾಗಕ್ಕೆ ಹತ್ತಿರವಾಗಲೆಂದು, ಕಿಟಕಿ ಇಲ್ಲದ ಒಂದು ಚಿಕ್ಕ ಮನೆ ಸಾಕೆಂದಳು.

ಒಂದು ಮಧ್ಯಾಹ್ನ ಸಾಲಿನಲ್ಲಿ ಅಮ್ಮನೂ ಬಂದಳು. ಸೊಸೆಯ ಹೆಗಲ ಮೇಲೆ ಕೈಯಿಟ್ಟುಕೊಂಡು, ಮಂಡಿ ನೀವಿಕೊಳ್ಳುತ್ತ ಪರದೆಯ ಮುಂದೆ ಕೂತಳು. ಸೊಸೆ ಒದ್ದೆ ಬಟ್ಟೆಯ ಗಂಟನ್ನು ಕಂಕುಳಲ್ಲಿ ಹಿಡಿದು ಪಕ್ಕದಲ್ಲಿ ನಿಂತಳು. ಮೇಷ್ಟ್ರು ತಲೆ ಎತ್ತಿ ಇಬ್ಬರ ಮುಖ ನೋಡಲಾರದೆ ಮೌಸಿನ ಮೇಲೇ ಕಣ್ಣಿಟ್ಟಿದ್ದರು.

"ನಮ್ಮದು ಯಾವ್ದೋ?"

ಮೇಷ್ಟ್ರು ತೋರಿಸಿದರು. ಕೆಳಗೆ, ಗೆರೆಯ ಅಡಿಯಲ್ಲಿ, ಒಂದು ಸಣ್ಣ ಚೌಕ.

"ಇಷ್ಟು ಕೆಳಗ್ಯಾಕೋ ಇಟ್ಟಿದ್ದೀಯ? ಆಫೀಸಲ್ಲಿರೋನು ನೀನು. ಊರವರಿಗೆಲ್ಲ ಮೇಲೆ ಕೊಟ್ಟು ಮನೆಯವರನ್ನ ತಗ್ಗಲ್ಲಿ ಕೂರಿಸ್ತಾರೇನೋ?"

"ಇವರಿಗೆ ಮೊದಲಿಂದ್ಲೂ ಅಷ್ಟೇ ಅತ್ತೆ, ಹೇಳಿ ಮಾಡಿಸ್ಕೋಬೇಕು," ಎಂದಳು ಹೆಂಡತಿ. ಅವಳು ಮುಂದೆ ಬಾಗಿ ಗಮನವಿಟ್ಟು ನೋಡುತ್ತಿದ್ದಳು. "ಮುಂದಿನ ಕೋಣೆ ಸ್ವಲ್ಪ ಅಗಲ ಮಾಡ್ರೀ. ಯಂತ್ರ ಹಿಡಿಸಬೇಕು."

ಮೇಷ್ಟ್ರು ಅಗಲ ಮಾಡಿದರು. ಆಮೇಲೆ ಮನೆಯನ್ನು ಮೆಲ್ಲಗೆ ಹಿಡಿದು, ಕಪ್ಪು ಗೆರೆಯನ್ನು ದಾಟಿಸಿ, ಕೆಂಪು ಚುಕ್ಕೆಗಳನ್ನು ದಾಟಿಸಿ, ಮೇಲೆ ಮೇಲೆ ಎಳೆದರು.

"ಇನ್ನೂ ಸ್ವಲ್ಪ," ಎಂದಳು ಅಮ್ಮ.

ಪರದೆಯ ಅಂಚು ಬಂತು. "ಸಾಕೇನಮ್ಮಾ?"

ಅಮ್ಮ ಹಿಂದಕ್ಕೆ ಒರಗಿ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಸಡಿಲಾಯಿತು. "ಸಾಕು ಕಣಪ್ಪ. ಈಗ ಜೀವಕ್ಕೆ ನೆಮ್ಮದಿ. ಇಲ್ಲಿಗೆ ಯಾವ ನೀರೂ ಬರಲ್ಲ." ಸೊಸೆಯ ಕೈ ಹಿಡಿದು ಎದ್ದಳು. ಇಬ್ಬರೂ ಚಪ್ಪಲಿ ಕಳಚಿ ಕೈಗೆ ತಗೊಂಡು ಕೆಳಗಿಳಿದರು. ಕೊನೆಯ ಮೆಟ್ಟಿಲಿನಿಂದ ನೀರಿಗೆ ಕಾಲಿಟ್ಟ ಸದ್ದು ಮೇಲಕ್ಕೆ ಕೇಳಿಸಿತು. ಹೋಗುತ್ತ ಹೋಗುತ್ತ ಹೊಸ ಮನೆಗೆ ಯಾವ ಬಣ್ಣ ಬಳಿಸುವುದೆಂದು ಅವರು ಮಾತಾಡಿಕೊಳ್ಳುತ್ತಿದ್ದರು.

ಮೇಷ್ಟ್ರು ಸಾಲಿನ ಕಡೆ ತಿರುಗಿ, "ಮುಂದಿನವರು ಬನ್ನಿ," ಎಂದರು.